ಕುಡಿತ ಬಿಟ್ಟ ಮೇಲೆ ನಡುಕ, ಭ್ರಮೆ ಬಂದವರಿಗೆ ಇಷ್ಟೊಂದು ರಕ್ತಪರೀಕ್ಷೆ ಯಾಕೆ?

ಕುಡಿತ ನಿಲ್ಲಿಸಿದ್ದರಿಂದಲೇ ಹೀಗಾಗಿದೆ ಎಂದು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಇಲ್ಲ. ಅದನ್ನು ಡಾಕ್ಟರು ನಡುಕ, ಬೆವರು, ನಾಡಿಬಡಿತ, ಗೊಂದಲ ನೋಡಿಯೇ ಹೇಳಬೇಕು. ಟೆಸ್ಟುಗಳಿರುವುದು ಜೊತೆಗೆ ಬೇರೇನು ಕೆಟ್ಟಿದೆ ಎಂದು ಹುಡುಕಲು.

ಮೊದಲು ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಶುಗರ್ ಇಳಿದರೂ ಇದೇ ಥರ ಬೆವರು, ನಡುಕ, ಫಿಟ್ಸ್ ಬರುತ್ತದೆ, ಅಲ್ವಾ? ಇಳಿದಿದ್ದರೆ ಗ್ಲೂಕೋಸ್ ಜೊತೆಗೇ ಥಯಾಮಿನ್, ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಡುತ್ತಾರೆ.

ಆಮೇಲೆ ರಕ್ತದಲ್ಲಿರುವ ಲವಣಗಳು: ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟ್. ಇದರಲ್ಲಿ ಮೆಗ್ನೀಸಿಯಂ ಮರೆಯಲೇಬಾರದು. ಅದು ಕಡಿಮೆ ಇದ್ದರೆ ಹಾಕಿದ ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ, ರಿಪೋರ್ಟಿನಲ್ಲಿ ಅಂಕಿ ಮೇಲೇಳುವುದೇ ಇಲ್ಲ. ಫಾಸ್ಫೇಟ್ ಇನ್ನೊಂದು ಥರ. ಬಂದ ದಿನ ಸರಿಯಿದ್ದು, ಡ್ರಿಪ್, ಊಟ ಶುರುವಾದ ಮೇಲೆ ಕುಸಿಯಬಹುದು. ದಿನಾ ರಕ್ತ ತೆಗೆಯುವುದು ಸುಮ್ನೆ ಅಲ್ಲ.

ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಟೆಸ್ಟು), ಕಿಡ್ನಿ, ಲಿವರ್ ಟೆಸ್ಟು ಇದ್ದೇ ಇರುತ್ತವೆ. ಲಿವರ್ ತುಂಬಾ ಕೆಟ್ಟಿದ್ದರೆ ನಡುಕ, ಫಿಟ್ಸ್ ತಡೆಯಲು ಕೊಡುವ ಡಯಾಜೆಪಾಮ್ ಔಷಧಿಯ ಬದಲು ಅದೇ ಗುಂಪಿನ ಲೋರಾಜೆಪಾಮ್ ಆರಿಸುವುದುಂಟು. ಜ್ವರವಿದ್ದರೆ ಎದೆಯ ಎಕ್ಸ್‌ರೇ, ತಲೆಗೆ ಪೆಟ್ಟಾಗಿದ್ದರೆ ಸಿಟಿ ಸ್ಕ್ಯಾನ್. ಫಿಟ್ಸ್ ಬರುತ್ತಿದ್ದರೆ ಮಾತ್ರ ಯಾವ ರಿಪೋರ್ಟಿಗೂ ಕಾಯದೆ ಔಷಧಿ ಶುರು ಮಾಡುತ್ತಾರೆ.