ಹಳೇ ಇ.ವಿ.ಗೆ ಮೊದಲು ಬೇಕಿರುವುದು ಒಳ್ಳೆಯ ಅರ್ಥಿಂಗ್

ಪ್ರಶ್ನೆ: ಕಲಬುರಗಿಯ ಜೇವರ್ಗಿ ಕಾಲೊನಿಯಲ್ಲಿದ್ದೇನೆ. 2020ರ ಟಾಟಾ ನೆಕ್ಸಾನ್ ಇ.ವಿ. (ಎಲೆಕ್ಟ್ರಿಕ್ ಕಾರು) ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಸ್ಪೋರ್ಟ್ ಮೋಡ್‌ನಲ್ಲಿ ಅದರ ಓಟ ನನಗೆ ತುಂಬಾ ಇಷ್ಟ. 17 ಇಂಚಿನ ಅಲಾಯ್ ಜೊತೆ ಅಗಲ ಟೈರ್, 7.2 ಕಿಲೋವ್ಯಾಟ್ ಚಾರ್ಜರ್, ಕಪ್ಪು ಫಿಲ್ಮ್, ದೊಡ್ಡ ಸ್ಪೀಕರ್ ಹಾಕಿಸುವ ಆಸೆ ಇದೆ. ಆದರೆ ಕೈಯಲ್ಲಿ ಜಾಸ್ತಿ ರೊಕ್ಕ ಇಲ್ಲ. ಯಾವುದು ಮೊದಲು ಮಾಡಿಸಲಿ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಕೆಲಸ ಮೊದಲು ಮಾಡಿಸಿ. ಮನೆಯ ಚಾರ್ಜಿಂಗ್ ಲೈನ್ ಮತ್ತು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ.

ದೊಡ್ಡ ಚಾರ್ಜರ್ ಬೇಡ. ನಿಮ್ಮ ಗಾಡಿಯೊಳಗೆ ಕೂತಿರುವ ಚಾರ್ಜರ್ 3.3 ಕಿಲೋವ್ಯಾಟಿನದು. ಗೋಡೆಗೆ 7.2ರದು ಹಾಕಿಸಿದರೂ ಒಳಗೆ ಹೋಗುವುದು ಅಷ್ಟೇ. 30.2 ಕಿಲೋವ್ಯಾಟ್ ಅವರ್ ಬ್ಯಾಟರಿ ಒಂದು ರಾತ್ರಿಯಲ್ಲಿ ಹೇಗೂ ತುಂಬುತ್ತದೆ. ಗಾಡಿ ಜೊತೆ ಬಂದ ಚಾರ್ಜರ್ ಸಾಕು. ಆದರೆ ಅದು ಎಂಟು ತಾಸು ಎಡೆಬಿಡದೆ 14 ಆಂಪಿಯರ್‌ನಷ್ಟು ಎಳೆಯುತ್ತದೆ. ಗೀಸರ್ ಹತ್ತು ನಿಮಿಷ ನಡೆದು ಆಫ್ ಆಗುತ್ತದೆ, ಇದು ಹಾಗಲ್ಲ. ನಮ್ಮ ಮನೆಯಲ್ಲೇ ಗೀಸರ್ ಪಾಯಿಂಟ್‌ನಿಂದ ಚಾರ್ಜ್ ಮಾಡಿ ಒಂದು ಬೆಳಗ್ಗೆ ನೋಡಿದರೆ ಸಾಕೆಟ್ ಕರಗಿ ಕಪ್ಪಾಗಿತ್ತು. ಆವತ್ತಿನಿಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ. ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. ವೈರ್ 4 ಸ್ಕ್ವೇರ್ ಎಂ.ಎಂ. ತಾಮ್ರದ್ದಿರಲಿ. 16 ಆಂಪಿಯರ್‌ನ ಇಂಡಸ್ಟ್ರಿಯಲ್ ಸಾಕೆಟ್, 20 ಆಂಪಿಯರ್ ಎಂ.ಸಿ.ಬಿ. (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಇರಲಿ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಮನೆಯ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಕರೆಂಟ್ ಮಿತಿ) ಕಡಿಮೆ ಇದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

ಅರ್ಥಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಎರೆ ಭೂಮಿ ಜಾಸ್ತಿ. ಮಳೆಗಾಲದಲ್ಲಿ ಅದು ಹಸಿ ಹಿಡಿದಿರುತ್ತದೆ, ಅರ್ಥಿಂಗ್ ಚೆನ್ನಾಗಿರುತ್ತದೆ. ಏಪ್ರಿಲ್, ಮೇ ಬಂತೆಂದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಣ್ಣು ಒಣಗಿ ಅರ್ಥಿಂಗ್ ರಾಡ್ ಬಿಟ್ಟು ಸರಿಯುತ್ತದೆ. ಆಗ ಅರ್ಥಿಂಗ್ ಸಿಗದೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಜನ ಚಾರ್ಜರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಟೆಸ್ಟರ್ ಇಟ್ಟು ಅಳೆಸಿ, 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಕೆಲವರು ಕರೆಂಟ್ ಮರಳಿ ಹೋಗುವ ನ್ಯೂಟ್ರಲ್‌ಗೂ ಅರ್ಥ್‌ಗೂ ವೈರ್ ಜೋಡಿಸಿ ಚಾರ್ಜರ್ ನಡೆಸಿಕೊಡುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಗಾಡಿಯ ಬಾಡಿಗೇ ಕರೆಂಟ್ ಬರುತ್ತದೆ. ಮಕ್ಕಳು ಮುಟ್ಟುವ ಗಾಡಿ ಅದು.

ಇನ್ನು ಟೈರ್. ಕಂಪನಿ ಕೊಟ್ಟಿರುವುದು 215/60 ಆರ್16. ಅದೇ ಅಳತೆಯಲ್ಲಿ ಉಳಿಯಿರಿ. ಟೈರ್ ಅಗಲವಾದಷ್ಟು, ಚಕ್ರ ಭಾರವಾದಷ್ಟು ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಇಳಿಯುತ್ತದೆ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಗಿಡ್ಡವಾದರೆ ನಮ್ಮ ಗುಂಡಿ ರಸ್ತೆಯಲ್ಲಿ ರಿಮ್ ಬಾಗುತ್ತದೆ. ನಿಮಗೆ ಇಷ್ಟವಾಗುವ ಆ ಎಳೆತ ಮೋಟರಿನ 245 ನ್ಯೂಟನ್ ಮೀಟರ್ ತಿರುಗಿಸುವ ಬಲ, ಅಂದರೆ ಟಾರ್ಕ್‌ನದು, ಅದು ನೆಲ ಹಿಡಿಯಲು ಒಳ್ಳೆ ಗ್ರಿಪ್ ಇರುವ ಹೊಸ ಟೈರ್ ಸಾಕು. ಅಲಾಯ್ ರೊಕ್ಕ ಅಲ್ಲಿ ಹಾಕಿ. ಜೊತೆಗೆ ಟೈರ್ ವಾಲ್ವ್‌ಗೆ ಹಾಕುವ ಗಾಳಿ ಸೆನ್ಸರ್ ಸೆಟ್, 12 ವೋಲ್ಟ್ ಸಾಕೆಟ್‌ನಲ್ಲಿ ನಡೆಯುವ ಗಾಳಿ ಪಂಪ್ ತಗೊಳ್ಳಿ. ಹಳ್ಳಿ ದಾರಿಯ ಬಳ್ಳಾರಿ ಜಾಲಿ ಮುಳ್ಳು ಗಾಳಿಯನ್ನು ಮೆಲ್ಲಗೆ ಇಳಿಸುತ್ತದೆ, ಗೊತ್ತೇ ಆಗುವುದಿಲ್ಲ. ಗಾಳಿ ನೋಡುವುದು ಬೆಳಗ್ಗೆ, ಟೈರ್ ತಣ್ಣಗಿದ್ದಾಗ.

ಬಾನೆಟ್ ಕೆಳಗಿನ ಚಿಕ್ಕ 12 ವೋಲ್ಟ್ ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಇದು ಸತ್ತರೆ ಗಾಡಿ ಆನ್ ಆಗಲ್ಲ. ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಸೇರಿಸುವ ಸ್ವಿಚ್ ನಡೆಯುವುದೇ ಇದರಿಂದ. ಬಿಸಿಲಿಗೆ ಇದರ ಆಯುಷ್ಯ ಕಡಿಮೆ. ಇನ್ನೂ 2020ರದ್ದೇ ಇದ್ದರೆ ಕಾಯದೆ ಬದಲಿಸಿ. ದೊಡ್ಡ ಸ್ಪೀಕರ್, ಆಂಪ್ಲಿಫೈಯರ್ ಬೇಡ ಅನ್ನುವುದೂ ಇದಕ್ಕೇ, ಅವು ಎಳೆಯುವುದು ಇದರಿಂದಲೇ. ಬರೇ ಡೋರ್ ಸ್ಪೀಕರ್ ಬದಲಿಸಿದರೆ ಅಡ್ಡಿಯಿಲ್ಲ, ವೈರ್ ಕತ್ತರಿಸದೆ ಕಂಪನಿಯ ಪ್ಲಗ್ ಜೋಡಣೆ ಅಂದರೆ ಕಪ್ಲರ್‌ನಲ್ಲೇ ಕೂರಬೇಕು. ಮುಖ್ಯ ಬ್ಯಾಟರಿಗೆ ಕಂಪನಿ ಹೇಳಿದ್ದು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ. ಹೊರಗಿನ ವೈರಿಂಗ್‌ನಿಂದ ಅದಕ್ಕೆ ಕುತ್ತು ತಂದುಕೊಳ್ಳಬೇಡಿ. ದೊಡ್ಡ ಬ್ಯಾಟರಿಯ ಹೆಚ್ಚು ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಯಾವ ಮೆಕ್ಯಾನಿಕ್‌ನ ಕೈಯೂ ಹೋಗಬಾರದು, ತರಬೇತಿ ಪಡೆದವರದ್ದನ್ನು ಬಿಟ್ಟು.

ಕಪ್ಪು ಫಿಲ್ಮ್ ವಿರುದ್ಧ 2012ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಇದೆ, ಬಿಡಿ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಹಾಕಿ. ಅಂಗಳದಲ್ಲಿ ಜಾಗ ಇದ್ದರೆ ಗಾಡಿ ಮೇಲೆ ಹಸಿರು ನೆಟ್ಟಿನ ಚಪ್ಪರ ಹಾಕಿಸಿ, ಬ್ಯಾಟರಿಗೂ ಒಳ್ಳೆಯದು. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕದೆ, ರಾತ್ರಿ ತಣ್ಣಗಾದ ಮೇಲೆ ಹಾಕಿ. ಬೆಳಗ್ಗೆ ಹೊರಡುವ ಮೊದಲು, ಪ್ಲಗ್ ಇನ್ನೂ ಚುಚ್ಚಿರುವಾಗಲೇ, ಆಪ್‌ನಿಂದ ಎ.ಸಿ. ಆನ್ ಮಾಡಿ. ಕ್ಯಾಬಿನ್ ತಂಪಾಗುವುದು ಮನೆಯ ಕರೆಂಟಿನಿಂದ, ಬೀದರ್ ದಾರಿಗೆ ಬ್ಯಾಟರಿ ಉಳಿಯುತ್ತದೆ.