ಮಂಡಿ ಬದಲಾವಣೆಯ 'ಸಣ್ಣ ಗಾಯದ' ಆಪರೇಷನ್ ಅಂದರೇನು? ಮಾಮೂಲಿಗಿಂತ ಒಳ್ಳೆಯದಾ?

ಹೊರಗೆ ಕಾಣುವ ವ್ಯತ್ಯಾಸ ಸರಳ. ಮಾಮೂಲಿ ಆಪರೇಷನ್‌ನಲ್ಲಿ ಮಂಡಿಯ ಮುಂದೆ ಸುಮಾರು 20ರಿಂದ 25 ಸೆಂ.ಮೀ. ಕೊಯ್ಯುತ್ತಾರೆ, ಸಣ್ಣ ಗಾಯದ ಆಪರೇಷನ್‌ನಲ್ಲಿ 10ರಿಂದ 15 ಸೆಂ.ಮೀ. ಸಾಕು. ಆದರೆ ಮುಖ್ಯವಾದದ್ದು ಒಳಗಿನ ಕೆಲಸ.

ನಾವು ಕಾಲನ್ನು ನೇರ ಮಾಡುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ಬಲದಿಂದ ಅಲ್ವಾ? ಮಾಮೂಲಿ ವಿಧಾನದಲ್ಲಿ ಅದರ ಗಟ್ಟಿ ನಾರನ್ನು ಉದ್ದಕ್ಕೆ ಸೀಳಿ, ಮಂಡಿಚಿಪ್ಪನ್ನು ಪಕ್ಕಕ್ಕೆ ಮಗುಚುತ್ತಾರೆ. ಸಣ್ಣ ಗಾಯದ ಆಪರೇಷನ್‌ನ 'ಸಬ್‌ವಾಸ್ಟಸ್' ಎಂಬ ವಿಧಾನದಲ್ಲಿ ಸ್ನಾಯುವನ್ನು ಸೀಳದೆ, ಅಡಿಯಿಂದ ಎತ್ತಿ ಸರಿಸುತ್ತಾರೆ. 'ಮಿಡ್‌ವಾಸ್ಟಸ್'ನಲ್ಲಿ ಸ್ನಾಯುವಿನ ಎಳೆಗಳನ್ನು ಸ್ವಲ್ಪ ಮಾತ್ರ ಬಿಡಿಸುತ್ತಾರೆ. ಕೂರಿಸುವ ಲೋಹ, ಪ್ಲಾಸ್ಟಿಕ್ಕಿನ ಕೀಲು ಮಾತ್ರ ಎಲ್ಲದರಲ್ಲೂ ಒಂದೇ.

ಲಾಭ ಕಾಣುವುದು ಮೊದಲ ಕೆಲವು ವಾರಗಳಲ್ಲಿ. ನೋವು ಕಡಿಮೆ ಇರಬಹುದು, ಕಾಲು ಬೇಗ ಎತ್ತಬಹುದು. ಕೆಲವು ತಿಂಗಳಾದ ಮೇಲೆ ಎರಡರ ಫಲಿತಾಂಶವೂ ಹೆಚ್ಚುಕಮ್ಮಿ ಒಂದೇ. ಜಾಹೀರಾತಿನಲ್ಲಿ ಇದನ್ನು ಹೇಳುವುದಿಲ್ಲ ಬಿಡಿ!

ತೊಂದರೆಯೂ ಉಂಟು. ಕಿರಿದಾದ ಜಾಗದಲ್ಲಿ ಡಾಕ್ಟರಿಗೆ ಸರಿಯಾಗಿ ಕಾಣುವುದಿಲ್ಲ, ಸಮಯ ಜಾಸ್ತಿ ಹಿಡಿಯುತ್ತದೆ. ಕೀಲು ಸ್ವಲ್ಪ ವಾರೆಯಾಗಿ ಕೂತರೆ ಬೇಗ ಸವೆಯಬಹುದು. ತೂಕ ತುಂಬಾ ಇರುವವರಿಗೆ, ಕಾಲು ಬಹಳ ಸೊಟ್ಟಗಾದವರಿಗೆ, ಅದೇ ಮಂಡಿಗೆ ಹಿಂದೆ ದೊಡ್ಡ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಇದು ಹೊಂದುವುದಿಲ್ಲ. ನಾನಾದರೆ ಗಾಯದ ಅಳತೆ ಕೇಳುವ ಬದಲು, ಡಾಕ್ಟರು ಈ ವಿಧಾನದಲ್ಲಿ ಎಷ್ಟು ಆಪರೇಷನ್ ಮಾಡಿದ್ದಾರೆ ಅಂತ ಕೇಳುತ್ತೇನೆ.