ಆರ್ಕಿಟೆಕ್ಟ್ ಆಗಿ ಪ್ರಾಕ್ಟೀಸೂ ಮಾಡ್ತಾ ಪಾಠಾನೂ ಮಾಡಿದ್ರೆ ಎರಡೂ ಅರ್ಧಂಬರ್ಧ ಆಗಲ್ವಾ? ದೋಷಿ ಅವ್ರು ಹೇಗೆ ನಿಭಾಯಿಸಿದ್ರು?

ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ನಾಲ್ಕನೇ ವರ್ಷದಲ್ಲಿದೀನಿ, ಮುಂದೆ ಸ್ವಂತ ಆಫೀಸ್ ಇಟ್ಕೊಂಡು ಕಾಲೇಜಲ್ಲೂ ಪಾಠ ಮಾಡೋ ಆಸೆ ಇದೆ, ಆದ್ರೆ ಸೀನಿಯರ್ಸ್ ಎಲ್ಲಾ ಎರಡು ದೋಣಿ ಮೇಲೆ ಕಾಲಿಡ್ಬೇಡ ಅಂತಿದಾರೆ ಅಂತ ಬರ್ದಿದೀರ. ಅಹಮದಾಬಾದ್‌ನ ಆರ್ಕಿಟೆಕ್ಟ್ ಬಿ.ವಿ. ದೋಷಿ ಥರದವ್ರು ಹೇಗೆ ಮಾಡಿದ್ರು, ಎಂ.ಆರ್ಕ್ (ಮಾಸ್ಟರ್ಸ್ ಡಿಗ್ರಿ) ಬೇಕೇ ಬೇಕಾ ಅಂತಾನೂ ಕೇಳಿದೀರ. ನಾನು ಬೆಂಗಳೂರಲ್ಲಿ ಸಣ್ಣ ಪ್ರಾಕ್ಟೀಸ್ ನಡೆಸ್ತೀನಿ, ಜೊತೆಗೆ ವಿಸಿಟಿಂಗ್ ಫ್ಯಾಕಲ್ಟಿ ಆಗಿ ಡಿಸೈನ್ ಸ್ಟುಡಿಯೋ (ಹುಡುಗ್ರು ಡಿಸೈನ್ ಮಾಡ್ತಾ ಕಲಿಯೋ ಕ್ಲಾಸು) ನೋಡ್ಕೋತೀನಿ, ಹಂಗಾಗಿ ಈ ವಿಷಯದಲ್ಲಿ ಬಾಯಿ ಹಾಕೋಕೆ ಸ್ವಲ್ಪ ಹಕ್ಕಿದೆ ಅಂದ್ಕೊಳ್ಳಿ. ಆದ್ರೆ ನನ್ನ ಕತೆಗಿಂತ ದೋಷಿಯವರ ಕತೇನೇ ನಿಮಗೆ ಉಪಯೋಗ. ಅವ್ರ ಬಗ್ಗೆ ಮಾತಾಡೋರೆಲ್ಲ 2018ರ ಪ್ರಿಟ್ಜ್ಕರ್ (ಆರ್ಕಿಟೆಕ್ಚರ್‌ನ ದೊಡ್ಡ ಪ್ರಶಸ್ತಿ, ಭಾರತದವರಿಗೆ ಅದೇ ಮೊದಲನೇದು), 2022ರ ಬ್ರಿಟನ್‌ನ ರಾಯಲ್ ಗೋಲ್ಡ್ ಮೆಡಲ್, ತೀರ್ಕೊಂಡ ಮೇಲೆ ಬಂದ ಪದ್ಮವಿಭೂಷಣ ಅಂತ ಪಟ್ಟಿ ಓದಿ ಮುಗಿಸ್ಬಿಡ್ತಾರೆ. ಯಾವುದನ್ನ ಯಾವಾಗ ಶುರು ಮಾಡಿದ್ರು, ಒಂದು ಇನ್ನೊಂದಕ್ಕೆ ಏನು ಕೊಡ್ತು ಅನ್ನೋದನ್ನ ಯಾರೂ ಕೆದಕೋದೇ ಇಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ.

ಹುಟ್ಟಿದ್ದು 1927ರಲ್ಲಿ ಪುಣೆಯಲ್ಲಿ, ಮನೆಯವರದು ಫರ್ನಿಚರ್ ಕೆಲಸ. 1947ರಲ್ಲಿ ಬಾಂಬೆಯ ಜೆ.ಜೆ. ಸ್ಕೂಲಿಗೆ ಸೇರ್ಕೊಂಡ್ರು, ಕೋರ್ಸ್ ಪೂರ್ತಿ ಮುಗಿಸದೇನೇ 1950ರ ಹೊತ್ತಿಗೆ ಲಂಡನ್‌ಗೆ ಹೊರಟ್ರು. ಅಲ್ಲಿ 1951ರಲ್ಲಿ ಹಾಡ್ಸ್‌ಡನ್ ಅನ್ನೋ ಊರಲ್ಲಿ ಮಾಡರ್ನ್ ಆರ್ಕಿಟೆಕ್ಟ್‌ಗಳ ದೊಡ್ಡ ಸಮ್ಮೇಳನ ನಡೀತು, ಅಲ್ಲಿಂದ ದಾರಿ ಸಿಕ್ಕಿ ಪ್ಯಾರಿಸ್‌ನಲ್ಲಿ ಮಾಡರ್ನ್ ಆರ್ಕಿಟೆಕ್ಚರ್‌ನ ದೊಡ್ಡ ಹೆಸರು ಲ ಕಾರ್ಬೂಸಿಯೇ ಅವ್ರ ಆಫೀಸ್ ಸೇರಿದ್ರು. ಮೊದಲ ಎಂಟು ತಿಂಗಳು ಸಂಬಳ ಇಲ್ಲ. (ಇದನ್ನ ಓದಿ ಫ್ರೀ ಇಂಟರ್ನ್‌ಶಿಪ್ ಒಳ್ಳೇದು ಅಂತ ತೀರ್ಮಾನಕ್ಕೆ ಬರ್ಬೇಡಿ, ಅದನ್ನೇ ಉದಾಹರಣೆ ಕೊಟ್ಟು ಹುಡುಗ್ರನ್ನ ಬಿಟ್ಟಿ ದುಡಿಸ್ಕೊಳ್ಳೋ ಆಫೀಸುಗಳು ನಮ್ಮೂರಲ್ಲಿ ಬೇಕಾದಷ್ಟಿವೆ.) 1954ರಲ್ಲಿ ವಾಪಸ್ ಬಂದು ಕಾರ್ಬೂಸಿಯೇ ಅಹಮದಾಬಾದ್‌ನಲ್ಲಿ ಮಾಡಿದ್ದ ಕಟ್ಟಡಗಳ ಸೈಟ್ ನೋಡ್ಕೊಂಡ್ರು, ಮಿಲ್ ಓನರ್ಸ್ ಅಸೋಸಿಯೇಷನ್ ಬಿಲ್ಡಿಂಗು, ಶೋಧನ್ ಮನೆ, ಸಾರಾಭಾಯ್ ಮನೆ. ಗುರುಗಳು ಪ್ಯಾರಿಸ್‌ನಲ್ಲಿ, ಇವ್ರು ಬಿಸಿಲಲ್ಲಿ ಮೇಸ್ತ್ರಿ ಜೊತೆ. ಡ್ರಾಯಿಂಗಲ್ಲಿ ಬರ್ದಿದ್ದು ಶಟರಿಂಗ್ (ಕಾಂಕ್ರೀಟ್ ಸುರಿಯೋ ಅಚ್ಚು) ಬಿಚ್ಚಿದಾಗ ಏನಾಗಿರುತ್ತೆ ಅನ್ನೋದನ್ನ ವರ್ಷಗಟ್ಟಲೆ ನೋಡಿದ ಮೇಲೇನೇ ಅವ್ರು ಕ್ಲಾಸ್‌ರೂಮಿಗೆ ಹೋಗಿದ್ದು, ಇದನ್ನ ಮೊದಲು ಗಮನಿಸಿ. ಐವತ್ತರ ದಶಕದ ಮಧ್ಯದಲ್ಲೇ ವಾಸ್ತುಶಿಲ್ಪ ಅಂತ ಸ್ವಂತ ಆಫೀಸೂ ಶುರುವಾಗಿತ್ತು. ಅಂದ್ರೆ ಮೊದಲು ಸೈಟು, ಆಮೇಲೆ ಆಫೀಸು, ಸ್ಕೂಲು ಮೂರನೇದು.

ಆಮೇಲೆ ಬಂತು 1962. ಅವ್ರ ಇಡೀ ಕೆರಿಯರ್‌ನಲ್ಲಿ ನನಗೆ ತುಂಬಾ ಇಷ್ಟವಾದ ವರ್ಷ ಅದು. ಅಹಮದಾಬಾದ್‌ನಲ್ಲಿ ಸ್ಕೂಲ್ ಆಫ್ ಆರ್ಕಿಟೆಕ್ಚರ್ ಶುರುವಾಯ್ತು, ಅಹಮದಾಬಾದ್ ಎಜುಕೇಶನ್ ಸೊಸೈಟಿ ಬೆನ್ನಿಗೆ ನಿಂತಿತ್ತು, ದೋಷಿ ಮೊದಲ ನಿರ್ದೇಶಕರು, ಇವತ್ತು ನಾವು ಸೆಪ್ಟ್ ಯೂನಿವರ್ಸಿಟಿ ಅಂತೀವಲ್ಲ ಅದರ ಬೇರು. ಅದೇ ಹೊತ್ತಿಗೆ ಅದೇ ಊರಲ್ಲಿ ಐಐಎಂ ಕಟ್ಟೋ ಮಾತು ಬಂತು. ಕೆಲಸ ದೋಷಿ ಹತ್ರಾನೇ ಬಂದಿತ್ತು, ಅವ್ರು ಹೆಸರಾಂತ ಆರ್ಕಿಟೆಕ್ಟ್ ಲೂಯಿ ಕಾನ್ ಹೆಸರು ಹೇಳಿ ಅಮೆರಿಕದಿಂದ ಕರೆಸಿ ತಾವು ಜೊತೆಗಾರರಾಗಿ ನಿಂತ್ರು. ಮೂವತ್ತೈದರ ಆಸುಪಾಸಿನ ಆರ್ಕಿಟೆಕ್ಟ್ ಒಬ್ಬ, ಆಫೀಸ್ ಇನ್ನೂ ಬೆಳೀತಿರೋವಾಗ, ಅಷ್ಟು ದೊಡ್ಡ ಕ್ಯಾಂಪಸ್ಸನ್ನ ಇನ್ನೊಬ್ಬರಿಗೆ ಬಿಟ್ಕೊಡ್ತಾನೆ ಅಂದ್ರೆ ಬರೀ ಪ್ರಾಕ್ಟೀಸ್ ಲೆಕ್ಕದಲ್ಲಿ ಹುಚ್ಚು ಅದು. ನನಗನ್ಸೋದು, ಮೇಷ್ಟ್ರ ಲೆಕ್ಕದಲ್ಲಿ ನೋಡಿದ್ರೆ ಮಾತ್ರ ಅರ್ಥ ಆಗುತ್ತೆ. ಕಾನ್ ಪದೇ ಪದೇ ಊರಿಗೆ ಬರ್ತಾರೆ, ಹೊಸದಾಗಿ ಶುರುವಾದ ಸ್ಕೂಲಿನ ಹುಡುಗ್ರಿಗೆ ಅಂಥವ್ರು ಕೈಗೆ ಸಿಗ್ತಾರೆ, ಇಟ್ಟಿಗೆ ಕಮಾನು ಏಳೋದನ್ನ ಹೋಗಿ ನೋಡಬಹುದು. ಕಾನ್ ಕೂಡ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತಾನೇ ಪ್ರಾಕ್ಟೀಸ್ ಮಾಡ್ತಿದ್ದವ್ರು. 1974ರಲ್ಲಿ ಅವ್ರು ತೀರ್ಕೊಂಡಿದ್ದು ನ್ಯೂಯಾರ್ಕ್‌ನ ರೈಲ್ವೆ ಸ್ಟೇಷನ್‌ನಲ್ಲಿ, ಇದೇ ಅಹಮದಾಬಾದ್‌ನಿಂದ ವಾಪಸ್ ಹೋಗ್ತಿರೋವಾಗ.

ಸ್ಕೂಲಿನ ಕಟ್ಟಡಾನೂ ದೋಷಿಯವರೇ ಮಾಡಿದ್ದು, ಅರವತ್ತರ ದಶಕದ ಕೊನೆಗೆ ಎದ್ದಿದ್ದು. ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಗೋಡೆಗಳು ಪಕ್ಕಪಕ್ಕಕ್ಕೆ ಸಾಲಾಗಿ, ಮಧ್ಯೆ ಕಾಂಕ್ರೀಟ್ ಸ್ಲ್ಯಾಬು, ಉತ್ತರದ ಬೆಳಕು ಬೀಳೋ ಎತ್ತರದ ಸ್ಟುಡಿಯೋಗಳು, ಕೆಳಗಡೆ ನೆರಳಿರೋ ತೆರೆದ ಜಾಗ, ಅಲ್ಲಿ ಮೆಟ್ಲ ಮೇಲೆ ಕೂತೇ ಮಾತುಕತೆ. ಒಂದು ಸ್ಟುಡಿಯೋದಲ್ಲಿ ನಡೆಯೋದು ಇನ್ನೊಂದರಿಂದ ಕಾಣುತ್ತೆ, ಜೂನಿಯರ್ಸ್‌ಗೆ ಸೀನಿಯರ್ಸ್ ಮಾಡೆಲ್ ಮಾಡೋದು ಕಾಣುತ್ತೆ. ನೀವು ಓದ್ತಿರೋ ಕಾಲೇಜ್ ಹೇಗಿದೆಯೋ ಗೊತ್ತಿಲ್ಲ, ನಾನು ಓದಿದ್ದು ಇಂಜಿನಿಯರಿಂಗ್ ಬ್ಲಾಕಿನ ಎರಡನೇ ಮಹಡಿಯಲ್ಲಿ, ಉದ್ದ ಕಾರಿಡಾರು, ಎರಡೂ ಕಡೆ ಬಾಗಿಲು, ಐದು ಗಂಟೆಗೆ ಬೀಗ. ಅಂಥ ಕಡೆ ಜ್ಯೂರಿ (ಪರೀಕ್ಷಕರ ಮುಂದೆ ಡಿಸೈನ್ ಇಟ್ಟು ವಿವರಿಸೋದು) ಅಂದ್ರೆ ಮುಚ್ಚಿದ ರೂಮಲ್ಲಿ ಬೈಸ್ಕೊಳ್ಳೋದು ಅಂತಾನೇ ತಲೇಲಿ ಕೂತುಬಿಡುತ್ತೆ.

ಹತ್ತು ವರ್ಷ ಆರ್ಕಿಟೆಕ್ಚರ್ ಸ್ಕೂಲ್ ನಡೆಸಿ 1972ರಲ್ಲಿ ಪ್ಲ್ಯಾನಿಂಗ್ ಸ್ಕೂಲ್ ಶುರು ಮಾಡಿದ್ರು, 1978ರಲ್ಲಿ ಸಂಶೋಧನೆಗೆ ಅಂತ ವಾಸ್ತುಶಿಲ್ಪ ಫೌಂಡೇಶನ್ ಬೇರೆ. ಇದೆಲ್ಲಾ ಆಫೀಸಿಗೆ ಏನು ಕೊಡ್ತು ಅಂತ ನೋಡ್ಬೇಕಂದ್ರೆ ಇಂದೋರ್‌ನಲ್ಲಿ ಅವ್ರು ಮಾಡಿದ ‘ಅರಣ್ಯ’ ಅನ್ನೋ ಹೆಸರಿನ ಬಡಾವಣೆ ನೋಡಿ. ಬಡವ್ರಿಗೆ ಮನೆ ಅಂದ್ರೆ ಸಾಮಾನ್ಯವಾಗಿ ಏನ್ ಮಾಡ್ತಾರೆ, ಬೆಂಕಿಪೊಟ್ಟಣ ಜೋಡಿಸಿದ ಹಾಗೆ ಬ್ಲಾಕ್ ಕಟ್ಟಿ ಕೀ ಕೊಟ್ಟು ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಇವ್ರ ಫೌಂಡೇಶನ್ ಮೊದಲು ಇಂದೋರ್‌ನ ಸ್ಲಮ್ಮುಗಳಲ್ಲಿ ಓಡಾಡಿ ಜನ ಜಗಲಿ ಎಲ್ಲಿ ಮಾಡ್ಕೋತಾರೆ, ಮರದ ಕೆಳಗೆ ಏನ್ ನಡೆಯುತ್ತೆ, ಅಂಗಡಿ ಎಲ್ಲಿ ಹುಟ್ಟುತ್ತೆ ಅಂತ ಅಳತೆ ತಗೊಂಡು ಬರ್ಕೊಳ್ತು. ಆಮೇಲೆ ಕೊಟ್ಟಿದ್ದು ಸೈಟು, ಪ್ಲಿಂತು (ಮನೆ ನಿಲ್ಲೋ ತಳಕಟ್ಟು), ನೀರು ಕಕ್ಕಸಿನ ವ್ಯವಸ್ಥೆ, ಕೆಲವ್ರಿಗೆ ಒಂದು ರೂಮು. ಮಿಕ್ಕಿದ್ದನ್ನ ದುಡ್ಡು ಬಂದ ಹಾಗೆ ಅವ್ರವ್ರೇ ಕಟ್ಕೊಳ್ಳೋದು. ಹೀಗೂ ಮಾಡಬಹುದು ಅಂತ ತೋರ್ಸೋಕೆ ಎಂಬತ್ತು ಮಾದರಿ ಮನೆ ಮಾತ್ರ ಆಫೀಸಿನವ್ರು ಡಿಸೈನ್ ಮಾಡಿದ್ರು. ಸುಮಾರು 6,500 ಮನೆ, 80,000ಕ್ಕೂ ಹೆಚ್ಚು ಜನ, 1995ರಲ್ಲಿ ಆರ್ಕಿಟೆಕ್ಚರ್‌ಗೆ ಕೊಡೋ ಆಗಾ ಖಾನ್ ಪ್ರಶಸ್ತಿ. ಫೀಸ್ ಲೆಕ್ಕ ಹಾಕೋ ಆಫೀಸೊಂದು ಯಾವತ್ತೂ ಇಷ್ಟು ಸರ್ವೆ ಮಾಡಲ್ಲ, ನಾನಂತೂ ಮಾಡಿಲ್ಲ, ಮಾಡಿದ್ರೆ ಮುಂದಿನ ತಿಂಗಳ ಬಾಡಿಗೆ ಕಟ್ಟೋರ್ಯಾರು. ಸಂಶೋಧನೆಗೆ ಬೇರೆ ಮನೆ ಇದ್ದಿದ್ದಕ್ಕೇ ಅದು ಸಾಧ್ಯ ಆಯ್ತು.

ಅದಕ್ಕೂ ಮುಂಚೆ 1973ರಲ್ಲಿ ಅಹಮದಾಬಾದ್‌ನಲ್ಲಿ ಎಲ್‌ಐಸಿಗೆ ಮಾಡಿದ ಮನೆಗಳ ಕತೇನೂ ಹಿಂಗೇ. ಕೆಳಗೆ ದೊಡ್ಡ ಮನೆ, ಮೇಲೆ ಹೋದ ಹಾಗೆ ಚಿಕ್ಕದು, ಹಂಗಾಗಿ ಎಲ್ಲರಿಗೂ ಒಂದು ಟೆರೇಸ್ ಉಳಿಯುತ್ತೆ. ಜನ ಬಂದು ಸೇರ್ಕೊಂಡು ಟೆರೇಸ್ ಮುಚ್ಚಿ ರೂಮ್ ಮಾಡಿದ್ರು, ಕಿಟಕಿ ಬದಲಾಯ್ಸಿದ್ರು, ಇವತ್ತು ಒಂದು ಮನೆ ಥರ ಇನ್ನೊಂದಿಲ್ಲ. ಬೇರೆ ಆರ್ಕಿಟೆಕ್ಟ್ ಆಗಿದ್ರೆ ಎದೆ ಬಡ್ಕೊಳ್ತಿದ್ರು, ದೋಷಿ ಅದನ್ನ ಖುಷಿಯಿಂದ ತೋರಿಸ್ತಿದ್ರು. ವರ್ಷ ವರ್ಷ ಹುಡುಗ್ರು ತಾನು ಹೇಳಿದ್ದಕ್ಕೆ ಉಲ್ಟಾನೇ ಮಾಡ್ಕೊಂಡು ಬರೋದನ್ನ ನೋಡಿ ನೋಡಿ ಅಭ್ಯಾಸ ಆದೋನಿಗೆ ಈ ಗುಣ ಬರುತ್ತೆ ಅಂತ ನನ್ನ ಅನುಮಾನ.

ಇನ್ನು ನಮ್ಮೂರಿನ ವಿಷಯ. ಬನ್ನೇರುಘಟ್ಟ ರೋಡಿನ ಐಐಎಂ ಕ್ಯಾಂಪಸ್ ದೋಷಿಯವರದ್ದೇ, ಎಪ್ಪತ್ತರ ದಶಕದ ಕೊನೆಗೆ ಡಿಸೈನ್ ಶುರುವಾಗಿ ಹಂತ ಹಂತವಾಗಿ ಎದ್ದಿದ್ದು. ಅಹಮದಾಬಾದ್ ಐಐಎಂ ಅನ್ನ ಕಾನ್‌ಗೆ ಬಿಟ್ಕೊಟ್ಟವ್ರು ಒಂದೂವರೆ ದಶಕ ಆದ್ಮೇಲೆ ತಮ್ಮದೇ ಐಐಎಂ ಮಾಡಿದ್ದು ಇಲ್ಲಿ, ಕಾನ್‌ದು ಇಟ್ಟಿಗೆ, ಇವ್ರದ್ದು ನಮ್ಮ ಊರಿನ ಒರಟು ಗ್ರಾನೈಟ್ ಕಲ್ಲು. ಫತೇಪುರ್ ಸಿಕ್ರಿ, ಮಧುರೈ ದೇವಸ್ಥಾನ ನೆನಪಲ್ಲಿಟ್ಕೊಂಡು ಮಾಡಿದ್ದು ಅಂತ ಎಲ್ಲಾ ಕಡೆ ಬರೀತಾರೆ, ಸರಿಯೇ, ಆದ್ರೆ ಅಲ್ಲಿ ನಡೆದಾಗ ನನಗೆ ಕಾಣೋದು ಸೆಪ್ಟ್‌ನ ಮೇಷ್ಟ್ರು. ಕ್ಲಾಸ್‌ರೂಮ್‌ಗಿಂತ ಕಾರಿಡಾರೇ ಮುಖ್ಯ ಅಲ್ಲಿ. ಕೆಲವು ಕಡೆ ಮೂರು ಮಹಡಿ ಎತ್ತರ, ಕೆಲವು ಕಡೆ ಮೇಲೆ ಪರ್ಗೋಲಾ (ತೆರೆದ ಚಪ್ಪರ) ಮೇಲೆ ಹಬ್ಬಿದ ಬಳ್ಳಿ, ಕೆಲವು ಕಡೆ ಬರೀ ಆಕಾಶ, ಮಧ್ಯೆ ಮಧ್ಯೆ ಅಗಲ ಆಗಿ ಕೂರೋಕೆ ಕಟ್ಟೆ, ಪಕ್ಕದಲ್ಲಿ ಅಂಗಳ. ಅಹಮದಾಬಾದ್ ಬಿಸಿಲಿಗೆ ನೆರಳು ಹುಡುಕ್ತಿದ್ದವ್ರಿಗೆ ಬೆಂಗಳೂರಿನ ಹವೆ ಸಿಕ್ತು, ಹೊರಗಡೇನೇ ಕಾಲ ಕಳೀಬಹುದು ಅಂತ ಗೊತ್ತಾಯ್ತು, ಅದನ್ನ ಪೂರ್ತಿ ಬಳಸ್ಕೊಂಡಿದಾರೆ. ಪಾಠ ಆದ್ಮೇಲೆ ವಾದ ಮುಂದುವರಿಯೋದು ಎಲ್ಲಿ ಅಂತ ಗೊತ್ತಿರೋ ಮನುಷ್ಯ ಮಾತ್ರ ಓಡಾಡೋ ಜಾಗಕ್ಕೆ ಅಷ್ಟು ಕಾಸು ಸುರೀತಾನೆ. ಬಿಲ್ಡರ್ ಕೈಗೆ ಆ ಪ್ಲ್ಯಾನ್ ಕೊಟ್ಟು ನೋಡಿ, ಮೊದಲು ಕಾರಿಡಾರ್ ಅಗಲ ಕತ್ತರಿಸ್ತಾರೆ. ಮಳೆ ಗಾಳಿ ಜೋರಾಗಿದ್ದಾಗ ಎರಚಲು ಬರುತ್ತೆ, ಅದೂ ನಿಜ.

ಎಲ್ಲಾನೂ ಚೆನ್ನಾಗೇ ಆಯ್ತು ಅಂತ ತಿಳ್ಕೋಬೇಡಿ. ಅಹಮದಾಬಾದ್‌ನ ಭದ್ರ ಕೋಟೆ ಹತ್ರ ಅವ್ರು ಮಾಡಿದ ಪ್ರೇಮಾಭಾಯಿ ಹಾಲ್‌ನಲ್ಲಿ ನಾಟಕ ನಿಂತು ಎಷ್ಟೋ ವರ್ಷ ಆಯ್ತು. ಇನ್ನೊಂದು, ಅವ್ರಿಗೆ ಸಿಕ್ಕ ಊರು ನಮಗೆ ಸಿಗಲ್ಲ. ಮಿಲ್ ದುಡ್ಡಿದ್ದ ಕಸ್ತೂರಭಾಯಿ ಲಾಲ್‌ಭಾಯಿ, ಸಾರಾಭಾಯ್ ಮನೆತನದವ್ರು ಒಂದೇ ಕಾಲದಲ್ಲಿ ಕಾಲೇಜು, ಮ್ಯೂಸಿಯಂ, ಎನ್‌ಐಡಿ (ಡಿಸೈನ್ ಕಲಿಸೋ ರಾಷ್ಟ್ರೀಯ ಸಂಸ್ಥೆ), ಐಐಎಂ ಎಲ್ಲಾ ಕಟ್ಟಿಸ್ತಿದ್ರು. ಒಬ್ಬರ ಮನೆ ಕಟ್ಟಿದ್ರೆ ಅವ್ರೇ ಮುಂದೆ ಸ್ಕೂಲಿಗೂ ಬೆಂಬಲ ಕೊಡ್ತಿದ್ರು. ನಮ್ಮ ಕ್ಲೈಂಟು ಥರ್ಟಿ ಫಾರ್ಟಿ ಸೈಟಿನವ್ರು, ಎಲಿವೇಶನ್‌ಗೆ ಎಕ್ಸ್‌ಟ್ರಾ ದುಡ್ಡು ಯಾಕೆ ಅಂತ ಕೇಳ್ತಾರೆ. ಹಂಗಂತ ಆ ದಾರಿ ಮುಚ್ಚಿಲ್ಲ. ಸೆಪ್ಟ್‌ನಲ್ಲೇ ಓದಿದ ರಾಹುಲ್ ಮೆಹ್ರೋತ್ರಾ ಮುಂಬೈ ಆಫೀಸ್ ನಡೆಸ್ತಾ ಹಾರ್ವರ್ಡ್‌ನಲ್ಲಿ ಪಾಠ ಮಾಡ್ತಾರೆ, ಸೆಪ್ಟ್‌ನಲ್ಲೇ ಓದಿದ ಇನ್ನೊಬ್ರು ಬಿಮಲ್ ಪಟೇಲ್ ದೊಡ್ಡ ಪ್ರಾಕ್ಟೀಸ್ ಜೊತೆ ಅದೇ ಸೆಪ್ಟ್‌ನ ಮುಖ್ಯಸ್ಥರೂ ಆದ್ರು. ಅವ್ರ ದೆಹಲಿಯ ಸೆಂಟ್ರಲ್ ವಿಸ್ತಾ (ಹೊಸ ಸಂಸತ್ ಭವನ ಇರೋ ಯೋಜನೆ) ಬಗ್ಗೆ ನನಗೆ ತಕರಾರಿದೆ, ಅದು ಬೇರೆ ಜಗಳ.

ಈಗ ನಿಮ್ಮ ವಿಷಯಕ್ಕೆ. ಡಿಗ್ರಿ ಮುಗಿದ ತಕ್ಷಣ ಪಾಠಕ್ಕೆ ಹೋಗ್ಬೇಡಿ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ರಿಜಿಸ್ಟ್ರೇಷನ್ ಮಾಡಿಸ್ಕೊಂಡು ಕೆಲವು ವರ್ಷ ಯಾರದ್ದಾದ್ರೂ ಆಫೀಸಲ್ಲಿ ಇದ್ದು, ಒಂದು ಕಟ್ಟಡನಾದ್ರೂ ಪಾಯದಿಂದ ಗೃಹಪ್ರವೇಶದ ತನಕ ನೋಡಿ. ಬಾರ್ ಬೆಂಡಿಂಗ್ (ಕಂಬಿ ಕಟ್ಟೋದು) ತಪ್ಪಾದಾಗ ಮೇಸ್ತ್ರಿ ಹೇಳೋ ನೆಪ ಕೇಳದೇ ಇರೋರು ಸ್ಟುಡಿಯೋದಲ್ಲಿ ಸೆಕ್ಷನ್ (ಕಟ್ಟಡ ಸೀಳಿ ಒಳಗೆ ತೋರ್ಸೋ ಡ್ರಾಯಿಂಗು) ತಿದ್ದಿದ್ರೆ ಹುಡುಗ್ರಿಗೆ ತಕ್ಷಣ ಗೊತ್ತಾಗುತ್ತೆ, ಪಾಪ ಹೇಳಲ್ಲ ಅಷ್ಟೆ. ಆಮೇಲೆ ಜ್ಯೂರಿಗೆ ಕರೆದ್ರೆ ಹೋಗಿ, ಇಷ್ಟ ಆದ್ರೆ ವಿಸಿಟಿಂಗ್ ತಗೊಳ್ಳಿ. ವಿಸಿಟಿಂಗ್ ದುಡ್ಡಲ್ಲಿ ಮನೆ ನಡೆಯುತ್ತೆ ಅಂತ ಕನಸು ಕಾಣ್ಬೇಡಿ, ಪೆಟ್ರೋಲು ಊಟ ಕಳೆದ್ರೆ ಉಳಿಯೋದು ಕಮ್ಮಿ. ನಿಜವಾದ ಕಷ್ಟ ಕ್ಯಾಲೆಂಡರ್‌ದು, ಸ್ಲ್ಯಾಬ್ ಹಾಕೋ ದಿನಾನೂ ಫೈನಲ್ ಜ್ಯೂರಿ ದಿನಾನೂ ಒಟ್ಟಿಗೇ ಬರುತ್ತೆ, ಅದು ಹೇಗೋ ಯಾವಾಗ್ಲೂ ಹಂಗೇ. ಹಂಗಾಗಿ ಕಾಲೇಜಿಗೆ ಸೇರೋವಾಗ್ಲೇ ಯಾವ ವಾರ, ಎಷ್ಟು ಗಂಟೆ ಅಂತ ಮಾತಾಡ್ಕೊಂಡು ಬರವಣಿಗೆಯಲ್ಲಿ ಇಟ್ಕೊಳ್ಳಿ, ಸೈಟಿಗೆ ನಂಬಿಕಸ್ಥ ಸೂಪರ್‌ವೈಸರ್ ಇಟ್ಕೊಳ್ಳಿ.

ಎಂ.ಆರ್ಕ್ ಬೇಕಾ ಅಂದ್ರೆ, ಬರೀ ಪ್ರಾಕ್ಟೀಸ್‌ಗೆ ಬೇಡ. ಖಾಯಂ ಪೋಸ್ಟಿಗೆ ಈಗ ಸಾಮಾನ್ಯವಾಗಿ ಕೇಳ್ತಾರೆ. ದೋಷಿ ಕೋರ್ಸ್ ಮುಗಿಸಿದ್ರಾ ಅಂತ ನೀವು ಇಂಟರ್‌ವ್ಯೂನಲ್ಲಿ ಕೇಳಿದ್ರೆ ಕೆಲಸ ಸಿಗಲ್ಲ. ವಿಸಿಟಿಂಗ್ ಮಾಡ್ತಾ ನೋಡಿ, ಪಾಠ ನಿಜವಾಗ್ಲೂ ಒಗ್ಗುತ್ತೆ ಅಂತ ಗ್ಯಾರಂಟಿ ಆದ್ಮೇಲೆ ಅದಕ್ಕೆ ಎರಡು ವರ್ಷ ಮತ್ತೆ ಫೀಸು ಹಾಕಿ, ಅಲ್ಲೀತನಕ ಆ ದುಡ್ಡಲ್ಲಿ ಅಹಮದಾಬಾದ್‌ಗೆ ಒಂದು ಸಲ ಟ್ರೈನ್ ಹತ್ತಿ.